ಹಲವು ದೇಶಗಳ ಶಿಕ್ಷಣ ಮಂತ್ರಿಗಳ ಸಭೆ ಒಂದೇ ದಿನ, ತಯಾರಿ ಮಾತ್ರ ತಿಂಗಳುಗಟ್ಟಲೆ ಯಾಕೆ?

ಸಭೆಯ ದಾಖಲೆಯ ಒಂದೊಂದು ಸಾಲಿಗೂ ಎಲ್ಲ ದೇಶಗಳ ಒಪ್ಪಿಗೆ ಮೊದಲೇ ಪಡೆಯಬೇಕು, ಅದಕ್ಕೆ. ನಮ್ಮ ಕಲಬುರಗಿ ಕಡೆ ಮದುವೆ ಮಾತುಕತೆಯನ್ನು ಹಿರಿಯರು ಮೊದಲೇ ಮುಗಿಸಿರುತ್ತಾರೆ, ಅಲ್ವಾ? ಅಕ್ಷತೆಯ ದಿನ ಯಾರೂ ಚೌಕಾಸಿ ಮಾಡುವುದಿಲ್ಲ.

ಭಾರತವೂ ಇರುವ ದೊಡ್ಡ ಆರ್ಥಿಕತೆಗಳ ಗುಂಪು ಜಿ20ಯನ್ನೇ ನೋಡಿ. ಅಲ್ಲಿ ಮತಕ್ಕೆ ಹಾಕುವುದಿಲ್ಲ, ಎಲ್ಲರೂ ಒಪ್ಪಬೇಕು. ಒಂದು ದೇಶ ಒಂದು ಪದ ಬೇಡ ಅಂದರೂ ಆ ಸಾಲನ್ನು ಮತ್ತೆ ತಿದ್ದಬೇಕು. ಈ ಕೆಲಸ ಅಧಿಕಾರಿಗಳದು. 2023ರಲ್ಲಿ ಅವರು ಚೆನ್ನೈ, ಅಮೃತಸರ, ಭುವನೇಶ್ವರ, ಪುಣೆ ಹೀಗೆ ನಾಲ್ಕು ಸಲ ಸೇರಿದರು. ಚಿಕ್ಕ ಮಕ್ಕಳ ಓದು, ಬರಹ, ಲೆಕ್ಕ ಮುಖ್ಯ ವಿಷಯಗಳಲ್ಲಿ ಒಂದು. ಯಾದಗಿರಿಯ ಹಳ್ಳಿ ಶಾಲೆಗೂ ಅದೇ ಬೇಕು. ಅದಕ್ಕೆ ಇಷ್ಟು ಸಮಯ ಕೊಟ್ಟಿದ್ದು ಜಾಸ್ತಿಯಲ್ಲ ಅನಿಸುತ್ತದೆ ನನಗೆ. ಮಂತ್ರಿಗಳು ಸೇರಿದ್ದು ಜೂನ್ 22ರಂದು, ಪುಣೆಯಲ್ಲೇ.