ತೀರ್ಪು ಬೇರೆ, ನಡತೆ ಬೇರೆ

ಪ್ರಶ್ನೆ: ನಮ್ಮ ಹಿತ್ತಿಲ ಗಡಿಯ ದಾವೆ ತಾಲ್ಲೂಕು ಕೋರ್ಟಿನಲ್ಲಿ ಆರು ವರ್ಷ ನಡೆಯಿತು. ಸಾಕ್ಷಿ ಹೇಳುವಾಗ ನ್ಯಾಯಾಧೀಶರು, ‘ಓದು ಬಾರದವಳು ಕೋರ್ಟಿಗೆ ಏಕೆ ಬಂದೆ’ ಎಂದು ಎಲ್ಲರೆದುರು ಗದರಿದರು. ಎದುರು ಪಕ್ಷದ ವಕೀಲರು ಒಮ್ಮೆ ನ್ಯಾಯಾಧೀಶರ ಛೇಂಬರಿನಿಂದ ಒಬ್ಬರೇ ಹೊರಬಂದದ್ದನ್ನೂ ಕಂಡೆ. ಹೋದ ವಾರ ದಾವೆ ವಜಾ ಆಯಿತು. ದೂರು ಕೊಡಬಹುದೇ? ದೊಡ್ಡ ಕೋರ್ಟಿನವರ ಮೇಲಾದರೆ ಏನು ಮಾಡುತ್ತಾರೆ ಎಂದು ಮಗ ಕೇಳುತ್ತಿದ್ದಾನೆ. ಅವನಿಂದಲೇ ಈ ಪತ್ರ ಬರೆಸಿದ್ದೇನೆ. (ಹೆಸರು ಬೇಡ)

ಉತ್ತರ: ಕೊಡಬಹುದು, ತಾಯಿ. ಯಾರೂ ನಿಮಗೆ ಆ ಮಾತು ಹೇಳಕೂಡದಿತ್ತು. ಮೂವತ್ತು ವರ್ಷ ವಕೀಲಿ ಮಾಡಿದ ನನಗೂ ಓದಿ ಸಂಕಟವಾಯಿತು. ಆದರೆ ದೂರಿನಿಂದ ತೀರ್ಪು ಬದಲಾಗುವುದಿಲ್ಲ. ಅದಕ್ಕೆ ಮೇಲ್ಮನವಿಯೇ ದಾರಿ, ಗಡುವು 30 ದಿನ. ದೂರಿನ ಬೆನ್ನು ಹತ್ತಿ ಅದನ್ನು ಕಳೆದುಕೊಳ್ಳಬೇಡಿ.

ತಾಲ್ಲೂಕು, ಜಿಲ್ಲಾ ನ್ಯಾಯಾಧೀಶರು ಸಂವಿಧಾನದ 235ನೇ ವಿಧಿಯಂತೆ ಹೈಕೋರ್ಟಿನ ಹತೋಟಿಯಲ್ಲಿದ್ದಾರೆ. ದೂರು ಬೆಂಗಳೂರಿಗೆ, ಹೈಕೋರ್ಟಿನ ರಿಜಿಸ್ಟ್ರಾರ್ ಜನರಲ್ ಅವರಿಗೆ ಹೋಗಲಿ. ನ್ಯಾಯಾಧೀಶರ ನಡತೆಯ ಮೇಲೆ ಕಣ್ಣಿಡುವ ಅಲ್ಲಿನ ವಿಜಿಲೆನ್ಸ್ ವಿಭಾಗ ಪರಿಶೀಲಿಸುತ್ತದೆ. ಜೊತೆಗೆ ಪ್ರಮಾಣ ಮಾಡಿದ ಅಫಿಡವಿಟ್ ಇರಲೇಬೇಕು.

ನನ್ನ ಕಕ್ಷಿದಾರರೊಬ್ಬರು ಎಂಟು ಪುಟದ ದೂರು ತಂದಿದ್ದರು. ಏಳೂವರೆ ಪುಟ ತೀರ್ಪು ಹೇಗೆ ತಪ್ಪು ಎಂಬುದೇ. ತಪ್ಪು ತೀರ್ಪು ದುರ್ನಡತೆಯಲ್ಲ. ಅದಕ್ಕೆಲ್ಲ ಶಿಕ್ಷಿಸಹೊರಟರೆ ಯಾವ ನ್ಯಾಯಾಧೀಶರು ಧೈರ್ಯವಾಗಿ ಜಾಮೀನು ಕೊಟ್ಟಾರು? ಅಷ್ಟನ್ನೂ ಹೊಡೆದುಹಾಕಿದೆ. ಯಾವ ದಿನ, ಎಷ್ಟು ಹೊತ್ತಿಗೆ, ಯಾರೆದುರು, ಯಾವ ಮಾತು ಎಂಬ ಅರ್ಧ ಪುಟ ಉಳಿಯಿತು. ಹೇಳಿಕೆ ಕೊಡಲು ಅವರಿಗೆ ಕರೆ ಬಂದದ್ದು ಆ ಅರ್ಧ ಪುಟದಿಂದ. ನೀವೂ ಕಂಡಷ್ಟೇ ಬರೆಸಿ. ವಕೀಲರು ಹೊರಬಂದದ್ದು ಕಂಡಿರಿ, ಒಳಗಿನ ಮಾತು ಕೇಳಿಲ್ಲ. ‘ದುಡ್ಡು ತಿಂದಿದ್ದಾರೆ’ ಎಂಬ ಸಾಲು ಬೇಡವೇ ಬೇಡ.

ದೂರಿನಲ್ಲಿ ಹುರುಳಿದ್ದರೆ ನ್ಯಾಯಾಧೀಶರ ವಿವರಣೆ ಕೇಳುತ್ತಾರೆ, ಆಮೇಲೆ ದೋಷಾರೋಪ ಪಟ್ಟಿ, ಇಲಾಖಾ ವಿಚಾರಣೆ. ನಿಮಗೆ ಪಾಟೀಸವಾಲೂ ಆಗಬಹುದು. ಶಿಕ್ಷೆ ವಾಗ್ದಂಡನೆಯಿಂದ ಕೆಲಸದಿಂದ ವಜಾ ಮಾಡುವವರೆಗೆ ಇದೆ.

ಮಗನಿಗೆ ಹೇಳಿ: ಹೈಕೋರ್ಟು, ಸುಪ್ರೀಂ ಕೋರ್ಟಿನವರನ್ನು ತೆಗೆಯಲು ಸಂಸತ್ತೇ ಬೇಕು. ಲೋಕಸಭೆಯ 100 ಅಥವಾ ರಾಜ್ಯಸಭೆಯ 50 ಸದಸ್ಯರ ಸಹಿ, ಮೂವರ ವಿಚಾರಣಾ ಸಮಿತಿ, ಎರಡೂ ಸದನಗಳ ವಿಶೇಷ ಬಹುಮತ (ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು, ಹಾಜರಿದ್ದು ಮತ ಹಾಕಿದವರಲ್ಲಿ ಕನಿಷ್ಠ ಮೂರನೇ ಎರಡರಷ್ಟು). 1993ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ. ರಾಮಸ್ವಾಮಿ ಅವರ ವಿರುದ್ಧದ ಗೊತ್ತುವಳಿ ಲೋಕಸಭೆಯಲ್ಲೇ ಬಿದ್ದುಹೋಯಿತು. ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಪಿ.ಡಿ. ದಿನಕರನ್ 2011ರಲ್ಲಿ ವಿಚಾರಣೆ ಮುಗಿಯುವ ಮೊದಲೇ ರಾಜೀನಾಮೆ ಕೊಟ್ಟರು. ಹೀಗೆ ಜಾರಿಕೊಳ್ಳಲು ದಾರಿ ಇರುವುದು ನನಗೆ ಸರಿಕಾಣುವುದಿಲ್ಲ.

ನಾಳೆಯೇ ತೀರ್ಪಿನ ನಕಲಿಗೆ ಅರ್ಜಿ ಹಾಕಿ. ನೀವು ಸಾಕ್ಷಿ ಹೇಳಿದ ದಿನದ ಆರ್ಡರ್ ಶೀಟನ್ನೂ (ಆ ದಿನ ಕೋರ್ಟಿನಲ್ಲಿ ನಡೆದದ್ದರ ದಾಖಲೆ) ಅದೇ ಅರ್ಜಿಯಲ್ಲಿ ಕೇಳಿ.