ಪ್ಲೂರೆಕ್ಸ್ ಬಾಟಲಿ ಹಾಕಿದಾಗ ಎದೆನೋವು, ಕೆಮ್ಮು
ಪ್ಲೂರೆಕ್ಸ್ ಅಂದರೆ ಶ್ವಾಸಕೋಶದ ಸುತ್ತ ತುಂಬಿದ ನೀರನ್ನು ಮನೆಯಲ್ಲೇ ತೆಗೆಯಲು ಎದೆಗೆ ಹಾಕಿರುವ ಟ್ಯೂಬ್ ಮತ್ತು ಅದಕ್ಕೆ ಜೋಡಿಸುವ ಬಾಟಲಿ. ಹೀಗೆ ನೀರು ತೆಗೆಯುವಾಗ ಅರ್ಧದಲ್ಲೇ ನಿಮ್ಮ ತಂದೆಗೆ ಕೆಮ್ಮು, ಎದೆನೋವು ಶುರುವಾಗುತ್ತದೆ, ಏಕೆ ಅಂತ ಕೇಳಿದ್ದೀರಿ. ಕಾರಣ ಬಹುಶಃ ನೀರು ಹೊರಬರುವ ವೇಗ. ಬಾಟಲಿಯೊಳಗೆ ವ್ಯಾಕ್ಯೂಮ್ ಇರುತ್ತದೆ. ಟ್ಯೂಬನ್ನು ಒತ್ತಿ ಹಿಡಿಯುವ ಕ್ಲ್ಯಾಂಪ್ ಪೂರ್ತಿ ಬಿಟ್ಟರೆ ಅದು ನೀರನ್ನು ಜೋರಾಗಿ ಎಳೆಯುತ್ತದೆ. ನೀರು ಖಾಲಿಯಾಗುತ್ತಾ ಬಂದಾಗ, ಕುಗ್ಗಿದ್ದ ಶ್ವಾಸಕೋಶ ಹಿಗ್ಗುವಾಗಲೂ ನೋವು ಬರಬಹುದು. ಇವೆರಡರಲ್ಲಿ ಯಾವುದು ಅಂತ ಇಲ್ಲಿಂದ ಹೇಳುವುದು ಕಷ್ಟ, ಮಾಡಬೇಕಾದದ್ದು ಮಾತ್ರ ಒಂದೇ.

ಮುಂದಿನ ಸಲ ಬಾಟಲಿ ಟ್ಯೂಬಿನ ಕ್ಲ್ಯಾಂಪನ್ನು ಸ್ವಲ್ಪವೇ ತೆರೆಯಿರಿ. ನೋವು ಬಂದರೆ ಮುಚ್ಚಿ, ಕಡಿಮೆಯಾದ ಮೇಲೆ ಇನ್ನೂ ನಿಧಾನಕ್ಕೆ ಬಿಡಿ. ಮತ್ತೆ ಬಂದರೆ ಆ ದಿನಕ್ಕೆ ಸಾಕು. ಬಾಟಲಿ ತುಂಬಲೇಬೇಕು ಅಂತೇನಿಲ್ಲ. ಡಾಕ್ಟರ್ ಹೇಳಿದ ಅಳತೆ ಮೀರಬೇಡಿ. ಸಾಮಾನ್ಯವಾಗಿ ಒಂದು ಸಲಕ್ಕೆ 1,000 ಮಿಲಿಯೇ ಗರಿಷ್ಠ.

ನಿಲ್ಲಿಸಿದ ಮೇಲೂ ನೋವು ಇಳಿಯದಿದ್ದರೆ, ಉಸಿರಾಟ ಕಷ್ಟವಾದರೆ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಜ್ವರ, ಕೀವು ಅಥವಾ ನೀರಿನ ಬಣ್ಣ ಬದಲಾದರೆ ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ.