1996ರಲ್ಲಿ ಪ್ರಧಾನಿ ಯಾರು? ಮೊದಲು ತಾರೀಖು ಹೇಳಿ

ಪ್ರಶ್ನೆ: ಭಾನುವಾರ ತಿಂಡಿ ಹೊತ್ತಿಗೆ ನಮ್ಮ ಮನೆಯಲ್ಲಿ ಜೋರು ವಾದ ಆಯಿತು. "ದೇವೇಗೌಡರು ಪ್ರಧಾನಿ ಆದದ್ದು ಬರೀ ಅದೃಷ್ಟ, ಲಾಟರಿ ಹೊಡೆದ ಹಾಗೆ" ಅಂತ ನಮ್ಮ ಮಾವ. ಆ ವರ್ಷ ದೇಶಕ್ಕೆ ಮೂವರು ಪ್ರಧಾನಿಗಳಿದ್ದರು ಅಂತ ಬೇರೆ ಹೇಳುತ್ತಾರೆ. ಕಾಲೇಜು ಓದುವ ಮಗಳು ಎರಡನ್ನೂ ನಂಬುತ್ತಿಲ್ಲ. ನೀವೇ ತೀರ್ಮಾನ ಹೇಳಿ. (ಬಸವೇಶ್ವರನಗರದ ಓದುಗರು)

ಉತ್ತರ: ಮೂವರು ಅನ್ನುವುದು ನಿಜ, ಅಲ್ಲಿ ಮಾವನವರಿಗೇ ಗೆಲುವು. ಮೇ 16ರವರೆಗೆ ಪಿ.ವಿ. ನರಸಿಂಹರಾವ್, ಅಲ್ಲಿಂದ ಜೂನ್ 1ರವರೆಗೆ ಅಟಲ್ ಬಿಹಾರಿ ವಾಜಪೇಯಿ, ಆಮೇಲೆ ಎಚ್.ಡಿ. ದೇವೇಗೌಡ. ಹಾಗಾಗಿ "1996ರಲ್ಲಿ ಪ್ರಧಾನಿ ಯಾರು" ಅಂತ ಯಾರಾದರೂ ಕೇಳಿದರೆ, ಯಾವ ತಾರೀಖಿನಲ್ಲಿ ಅಂತ ತಿರುಗಿ ಕೇಳಬೇಕು. ನಾನು ಪಾಠ ಹೇಳುತ್ತಿದ್ದಾಗ ಬೋರ್ಡಿನ ಮೇಲೆ ಮೇ ತಿಂಗಳ ಕ್ಯಾಲೆಂಡರ್ ಬರೆದು, ಆ ಚೌಕಗಳ ಒಳಗೇ ಹೆಸರು ತುಂಬಿಸುತ್ತಿದ್ದೆ. 16 ಗುರುವಾರ, 28 (ವಾಜಪೇಯಿ ರಾಜೀನಾಮೆ ಕೊಟ್ಟ ದಿನ) ಮಂಗಳವಾರ, ಜೂನ್ 1 ಶನಿವಾರ. ಹಾಗೆ ಒಂದು ಸಲ ಕಣ್ಣಿಗೆ ಬಿದ್ದರೆ ಮರೆಯುವುದಿಲ್ಲ.

ಇನ್ನು ಅದೃಷ್ಟದ ಮಾತು. ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಸರಿಹೋಯಿತು ಅಂತ ಆಗಲೂ ಬಹಳ ಜನ ಅಂದರು. ಅದರಲ್ಲಿ ಅರ್ಧ ಸತ್ಯ ಇದೆ. ಇನ್ನರ್ಧಕ್ಕೆ ಲೆಕ್ಕದ ಪುಸ್ತಕ ತೆಗೆಯಬೇಕು.

ಲೋಕಸಭೆಯ 543 ಸ್ಥಾನಗಳಲ್ಲಿ ಬಹುಮತಕ್ಕೆ 272 ಬೇಕು. ಬಿಜೆಪಿಗೆ ಬಂದದ್ದು 161, ಕಾಂಗ್ರೆಸ್ಸಿಗೆ 140. ವರ್ಷದ ಶುರುವಿನಲ್ಲೇ, ರಾಜಕಾರಣಿಗಳು ಅಕ್ರಮ ಹಣ ಪಡೆದರು ಎಂಬ ಹವಾಲಾ ಪ್ರಕರಣ ಎದ್ದು ರಾವ್ ಸಂಪುಟದ ಕೆಲವು ಸಚಿವರು ರಾಜೀನಾಮೆ ಕೊಟ್ಟಿದ್ದರು. ಅದೇ ಪ್ರಕರಣದಲ್ಲಿ ಹೆಸರು ಬಂತೆಂದು ಅಡ್ವಾಣಿಯವರು ಲೋಕಸಭಾ ಸದಸ್ಯತ್ವ ಬಿಟ್ಟು, ಆ ಚುನಾವಣೆಗೆ ನಿಲ್ಲಲೇ ಇಲ್ಲ. ಅತಿ ದೊಡ್ಡ ಪಕ್ಷದ ನಾಯಕ ಅಂತ ರಾಷ್ಟ್ರಪತಿ ಶಂಕರ ದಯಾಳ ಶರ್ಮಾ ಅವರು ವಾಜಪೇಯಿಯವರನ್ನು ಕರೆದು ಪ್ರಮಾಣವಚನ ಬೋಧಿಸಿದರು, ಬಹುಮತ ತೋರಿಸಲು ಮೇ 31ರ ಗಡುವು ಕೊಟ್ಟರು. ಎರಡು ದಿನ ಚರ್ಚೆ ನಡೆಯಿತು, ದೂರದರ್ಶನದಲ್ಲಿ ನೇರ ಪ್ರಸಾರ. ಮತಕ್ಕೆ ಹಾಕುವ ಮೊದಲೇ, ಭಾಷಣದ ಕೊನೆಯಲ್ಲಿ, ರಾಷ್ಟ್ರಪತಿಗಳಿಗೆ ರಾಜೀನಾಮೆ ಕೊಡಲು ಹೊರಟಿದ್ದೇನೆ ಅಂತ ಹೇಳಿ ವಾಜಪೇಯಿ ಎದ್ದು ನಡೆದರು. ಸರ್ಕಾರ ಬಿತ್ತು, ಆದರೆ ಅವರ ಹೆಸರು ದಕ್ಷಿಣದ ಮನೆಮನೆಗೂ ತಲುಪಿದ್ದು ಆ ಮಧ್ಯಾಹ್ನವೇ ಅಂತ ನನ್ನ ಅಭಿಪ್ರಾಯ.

ಉಳಿದವರೆಲ್ಲ ಸೇರಿ ಕಟ್ಟಿದ್ದು ಸಂಯುಕ್ತ ರಂಗ, ಹದಿಮೂರು ಪಕ್ಷಗಳ ಗುಂಪು. ಕಾಂಗ್ರೆಸ್ಸಿನದು ಬಾಹ್ಯ ಬೆಂಬಲ. ವಿ.ಪಿ. ಸಿಂಗ್ ಅವರನ್ನು ಕೇಳಿದರು, ಒಲ್ಲೆ ಅಂದರು. ಸಿಪಿಎಂನ ಜ್ಯೋತಿ ಬಸು ಅವರನ್ನು ಕೇಳಿದರು, ಅವರ ಪಕ್ಷದ ಕೇಂದ್ರ ಸಮಿತಿ ಬೇಡ ಅಂತು. ಅದನ್ನು ಐತಿಹಾಸಿಕ ಪ್ರಮಾದ ಅಂತ ಬಸು ಅವರೇ ಆಮೇಲೆ ಕರೆದರು. ಇಷ್ಟರ ಮಟ್ಟಿಗೆ ಅದೃಷ್ಟ, ಒಪ್ಪೋಣ.

ಆದರೆ ಆ ಇಬ್ಬರ ಬಳಿಕ ಸರದಿ ನಮ್ಮವರಿಗೇ ಯಾಕೆ ಬಂತು? ರಂಗದೊಳಗೆ ದೊಡ್ಡ ಪಕ್ಷ ಜನತಾದಳ, ಅದರ ಸದಸ್ಯರು 46. ಅದರಲ್ಲಿ ಬಿಹಾರದಿಂದ 22, ಕರ್ನಾಟಕದಿಂದ 16. ದಳದ ಮರ ನಿಂತದ್ದೇ ಈ ಎರಡು ಬೇರಿನ ಮೇಲೆ. ಬಿಹಾರದಲ್ಲಿ ಲಾಲು ಪ್ರಸಾದ್ ಅವರ ಕಾಲದ ಮೇವು ಹಗರಣ ಆಗಲೇ ಸಿಬಿಐ ತನಿಖೆಗೆ ಹೋಗಿತ್ತು. ಉಳಿದದ್ದು ವಿಧಾನಸೌಧ. 1991ರಲ್ಲಿ ಇದೇ ರಾಜ್ಯದ 28ರಲ್ಲಿ 23 ಸ್ಥಾನ ಕಾಂಗ್ರೆಸ್ಸಿನದಾಗಿತ್ತು. ಐದೇ ವರ್ಷದಲ್ಲಿ ಅದು 5ಕ್ಕೆ ಇಳಿದು ದಳ 16ಕ್ಕೆ ಏರಿತು. ಬಿಜೆಪಿಗೆ 6, ಬಂಗಾರಪ್ಪನವರ ಪಕ್ಷಕ್ಕೆ 1. ಈ ಬೆಳೆ ತೆಗೆದವರು 1994ರ ಡಿಸೆಂಬರಿನಿಂದ ಮುಖ್ಯಮಂತ್ರಿಯಾಗಿದ್ದ ಗೌಡರು. ಲಾಟರಿ ಅನ್ನುವವರು ಟಿಕೆಟ್ ಯಾರ ದುಡ್ಡಿನದು ಅಂತಲೂ ನೋಡಬೇಕಲ್ಲವೇ? ದಕ್ಷಿಣದವರು, ಹಿಂದುಳಿದ ವರ್ಗ ಮತ್ತು ರೈತರ ನಾಯಕ, ಎಡಪಕ್ಷಗಳಿಗೂ ಪ್ರಾದೇಶಿಕ ಪಕ್ಷಗಳಿಗೂ ತಕರಾರಿಲ್ಲದ ಹೆಸರು ಅನ್ನುವುದೂ ಸೇರಿಕೊಂಡಿತು.

ಒಳಮನೆಯ ಕಥೆ ಬೇರೆಯೇ ಇತ್ತು. ಅದೇ ಜೂನ್ ತಿಂಗಳಲ್ಲಿ ರಾಮಕೃಷ್ಣ ಹೆಗಡೆ ಅವರನ್ನು ಪಕ್ಷದಿಂದ ಹೊರಹಾಕಿದರು. ದಳ ಎತ್ತರಕ್ಕೆ ಏರಿದ ತಿಂಗಳಲ್ಲೇ ಬಿರುಕನ್ನೂ ಬಿಟ್ಟುಕೊಂಡಿತು. ಮಗಳಿಗೆ ಹೆಚ್ಚು ಓದಲು ಹೇಳುವುದಿದ್ದರೆ ಈ ಭಾಗ ತೋರಿಸಿ, ನಾಡಿನ ಮುಂದಿನ ಹತ್ತು ವರ್ಷದ ರಾಜಕೀಯ ಇಲ್ಲಿಂದಲೇ ಕವಲೊಡೆಯಿತು.

ಪ್ರಮಾಣವಚನದ ದಿನ ಜಯನಗರ 4ನೇ ಬ್ಲಾಕಿನಲ್ಲಿ ಟಿ.ವಿ. ಅಂಗಡಿಯ ಗಾಜಿನ ಮುಂದೆ ನಿಂತು ನೋಡಿದವರಲ್ಲಿ ನಾನೂ ಒಬ್ಬ. ತರಕಾರಿ ಚೀಲ ಹಿಡಿದವರು, ಬಸ್ಸು ತಪ್ಪಿಸಿಕೊಂಡವರು, ಎಲ್ಲರೂ ಅಲ್ಲೇ. ಅಂಗಡಿಯವನು ವಾಲ್ಯೂಮ್ ಹೆಚ್ಚಿಸಿದ. ಪಕ್ಕದಲ್ಲಿದ್ದ ಹಾಸನದ ಕಡೆಯ ಹಿರಿಯರೊಬ್ಬರು "ನಮ್ಮ ಹರದನಹಳ್ಳಿಯವರು" ಅಂತ ಎರಡು ಸಲ ಹೇಳಿದರು, ಯಾರಿಗೆ ಅಂತಲ್ಲ. ಆಗಸ್ಟ್ 15ರಂದು ಕೆಂಪುಕೋಟೆಯಲ್ಲಿ ಅದೇ ಗೌಡರು ಹಿಂದಿ ಭಾಷಣವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಓದಿದರು. ಉತ್ತರಾಖಂಡ ರಾಜ್ಯ ರಚನೆಯ ಘೋಷಣೆ ಬಂದದ್ದು ಆ ಭಾಷಣದಲ್ಲೇ. ಗುಡ್ಡಗಾಡಿನ ಒಂದು ರಾಜ್ಯದ ಹುಟ್ಟು ನಮ್ಮ ಅಕ್ಷರದಲ್ಲಿ ಬರೆದ ಹಾಳೆಯಿಂದ ದೇಶಕ್ಕೆ ಕೇಳಿಸಿತು ಅಂತ ನೆನೆದರೆ ನನಗೆ ಈಗಲೂ ಖುಷಿ.

ಪ್ರಶ್ನೆ: ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ವಾಜಪೇಯಿಯವರದು 13 ದಿನದ ಸರ್ಕಾರ ಅನ್ನುತ್ತಾರೆ, ಪಟ್ಟಿಯಲ್ಲಿ ಎಣಿಸಿದರೆ 16 ದಿನ ಬರುತ್ತದೆ. ಯಾವುದು ಸರಿ? ಸಂಸತ್ತಿನ ಸದಸ್ಯರಲ್ಲದೆ ಪ್ರಧಾನಿಯಾದ ಮೊದಲಿಗರು ದೇವೇಗೌಡರೇ? (ವಿಜಯನಗರದ ಓದುಗರು)

ಉತ್ತರ: ಎರಡೂ ಸರಿ, ಎಣಿಸುವ ಕೊನೆ ಬೇರೆ. ಮೇ 16ರಿಂದ 28ರವರೆಗೆ, ಎರಡೂ ತುದಿ ಸೇರಿಸಿದರೆ 13. ಅಂದು ಅವರು ರಾಜೀನಾಮೆ ಕೊಟ್ಟರು. ಆದರೆ ಪ್ರಧಾನಿ ಕುರ್ಚಿ ಖಾಲಿ ಬಿಡುವ ಹಾಗಿಲ್ಲ. ಹೊಸಬರು ಬರುವ ತನಕ ಮುಂದುವರಿಯಿರಿ ಅಂತ ರಾಷ್ಟ್ರಪತಿ ಹೇಳುತ್ತಾರೆ. ಹಾಗಾಗಿ ಜೂನ್ 1ರವರೆಗೆ ಅವರೇ ಉಸ್ತುವಾರಿ ಪ್ರಧಾನಿ. ಪಟ್ಟಿಯಲ್ಲಿ ಕಾಣುವುದು ಆ ಲೆಕ್ಕ.

ಎರಡನೆಯದಕ್ಕೆ "ಅಲ್ಲ" ಎಂಬುದೇ ಉತ್ತರ, ಕೋಚಿಂಗ್ ನೋಟ್ಸುಗಳಲ್ಲಿ ಇದು ತಪ್ಪಾಗಿ ಓಡಾಡುತ್ತಿದೆ. 1991ರ ಜೂನ್‌ನಲ್ಲಿ ಪ್ರಧಾನಿಯಾದಾಗ ನರಸಿಂಹರಾವ್ ಕೂಡ ಯಾವ ಸದನದ ಸದಸ್ಯರೂ ಆಗಿರಲಿಲ್ಲ. ನವೆಂಬರಿನಲ್ಲಿ ನಂದ್ಯಾಲ ಉಪಚುನಾವಣೆಯಲ್ಲಿ ಗೆದ್ದು ಬಂದರು. ಸಂವಿಧಾನದ 75(5)ನೇ ವಿಧಿ ಆರು ತಿಂಗಳು ಅವಕಾಶ ಕೊಡುತ್ತದೆ, ಅಷ್ಟರಲ್ಲಿ ಒಂದು ಸದನ ಸೇರಿಕೊಳ್ಳಬೇಕು. ರಾಮನಗರದ ಶಾಸಕರಾಗಿದ್ದ ಗೌಡರು ಸೆಪ್ಟೆಂಬರಿನಲ್ಲಿ ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾದರು. ರಾಜ್ಯಸಭೆಯಲ್ಲಿದ್ದು ಪ್ರಧಾನಿಯಾದವರು ಅವರಿಗಿಂತ ಮುಂಚೆ ಇಂದಿರಾ ಗಾಂಧಿ, 1966ರಲ್ಲಿ. ಜೂನ್ 12ರಂದು ಗೌಡರ ಸರ್ಕಾರ ಲೋಕಸಭೆಯಲ್ಲಿ ವಿಶ್ವಾಸಮತ ಗೆದ್ದದ್ದು ಧ್ವನಿಮತದಿಂದ, ಇದನ್ನೂ ಗುರುತು ಹಾಕಿಕೊಳ್ಳಿ.

ಬಹುಮತ ಇದೆಯೇ ಇಲ್ಲವೇ ಅನ್ನುವುದು ಸದನದ ಒಳಗೇ ತೀರ್ಮಾನವಾಗಬೇಕು ಎಂದು ಗಟ್ಟಿಯಾಗಿ ಹೇಳಿದ ಬೊಮ್ಮಾಯಿ ತೀರ್ಪು ಸುಪ್ರೀಂ ಕೋರ್ಟಿನಿಂದ ಬಂದದ್ದು 1994ರ ಮಾರ್ಚಿನಲ್ಲಿ. ಆ ಕೇಸಿನ ಎಸ್.ಆರ್. ಬೊಮ್ಮಾಯಿ ಅವರೇ ಗೌಡರ ಸಂಪುಟದಲ್ಲಿ ಮಾನವ ಸಂಪನ್ಮೂಲ ಸಚಿವರಾಗಿ ಕೂತರು. ಕರ್ನಾಟಕದ ಇನ್ನೊಬ್ಬರು ಸಿ.ಎಂ. ಇಬ್ರಾಹಿಂ, ನಾಗರಿಕ ವಿಮಾನಯಾನ.

ಪ್ರಶ್ನೆ: ಆ ವರ್ಷದ ಉಪರಾಷ್ಟ್ರಪತಿ, ಸ್ಪೀಕರ್, ಗೃಹ ಸಚಿವರು ಯಾರು? (ಕ್ವಿಜ್ ತಂಡವೊಂದರಿಂದ)

ಉತ್ತರ: ಉಪರಾಷ್ಟ್ರಪತಿ ಕೆ.ಆರ್. ನಾರಾಯಣನ್, ಬದಲಾವಣೆ ಇಲ್ಲ. ಮುಖ್ಯ ನ್ಯಾಯಮೂರ್ತಿ ಎ.ಎಂ. ಅಹ್ಮದಿ, ಅವರೂ ವರ್ಷವಿಡೀ. ಸ್ಪೀಕರ್ ಶಿವರಾಜ ಪಾಟೀಲ್ ಇದ್ದದ್ದು ಮೇ 23ಕ್ಕೆ ಪಿ.ಎ. ಸಂಗ್ಮಾ ಆದರು. ಸ್ವಾರಸ್ಯ ಏನೆಂದರೆ ಸಂಗ್ಮಾ ಕಾಂಗ್ರೆಸ್ಸಿನವರು, ಆಗ ಆಡಳಿತದಲ್ಲಿದ್ದದ್ದು ಬಿಜೆಪಿ, ಆಯ್ಕೆ ಅವಿರೋಧ. ಜೂನ್ ಕೊನೆಗೆ ಗೃಹ ಸಚಿವರಾದವರು ಸಿಪಿಐನ ಇಂದ್ರಜಿತ್ ಗುಪ್ತ. ಕಮ್ಯುನಿಸ್ಟರು ಕೇಂದ್ರ ಸಂಪುಟ ಸೇರಿದ್ದು ಆ ಸರ್ಕಾರದಲ್ಲೇ ಮೊದಲು. ಹಣಕಾಸು ಪಿ. ಚಿದಂಬರಂ.

ಪ್ರಶ್ನೆ: ಬೆಂಗಳೂರಿನಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗ ದೇವೇಗೌಡರೇ ಮುಖ್ಯಮಂತ್ರಿ ಅಲ್ಲವೇ? ಅದೇ ಸ್ಟೇಡಿಯಂನಲ್ಲಿ ಆ ವರ್ಷ ಇಂಡಿಯಾ–ಪಾಕಿಸ್ತಾನ ಮ್ಯಾಚೂ ಆಗಿತ್ತು, ನಾನು ಹೋಗಿದ್ದೆ. (ಮಲ್ಲೇಶ್ವರದ ಓದುಗರು)

ಉತ್ತರ: ಮ್ಯಾಚಿನ ದಿನ ಹೌದು, ಸ್ಪರ್ಧೆಯ ದಿನ ಅಲ್ಲ. ವಿಶ್ವಕಪ್ ಕ್ವಾರ್ಟರ್ ಫೈನಲ್ ಮಾರ್ಚ್ 9. ಜಡೇಜಾ 25 ಚೆಂಡಿನಲ್ಲಿ 45 ಹೊಡೆದದ್ದು, ಬೌಂಡರಿ ಹೊಡೆದು ಬ್ಯಾಟ್ ತೋರಿಸಿದ ಪಾಕಿಸ್ತಾನದ ಸೊಹೈಲ್‌ನ ಸ್ಟಂಪನ್ನು ನಮ್ಮ ವೆಂಕಟೇಶ್ ಪ್ರಸಾದ್ ಮುಂದಿನ ಚೆಂಡಿನಲ್ಲೇ ಹಾರಿಸಿದ್ದು. ಹೋಗಿದ್ದವರಿಗೆ ನಾನೇನು ಹೇಳಲಿ. ಆಗ ಗೌಡರೇ ಮುಖ್ಯಮಂತ್ರಿ.

ಮೇ 31ಕ್ಕೆ ಉಪಮುಖ್ಯಮಂತ್ರಿಯಾಗಿದ್ದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾದರು, ಸಿದ್ದರಾಮಯ್ಯ ಉಪಮುಖ್ಯಮಂತ್ರಿ. ನವೆಂಬರ್ 23ರ ಸ್ಪರ್ಧೆ ಪಟೇಲರ ಕಾಲದ್ದು. ವಿಚಿತ್ರ ಅಂದರೆ ಅದನ್ನು ವಿರೋಧಿಸಲು ರೈತಸಂಘ, ಮಹಿಳಾ ಸಂಘಟನೆಗಳು, ಹಿಂದುತ್ವದವರು ಎಲ್ಲರೂ ಬೀದಿಗಿಳಿದರು. ಮಾಮೂಲಿಯಾಗಿ ಒಬ್ಬರಿಗೊಬ್ಬರು ಮುಖ ಕೊಟ್ಟು ಮಾತಾಡದವರು! ಈಜುಡುಗೆಯ ಸುತ್ತನ್ನು ಸೆಶೆಲ್ಸ್ ದ್ವೀಪಕ್ಕೆ ಒಯ್ದರು. ಗ್ರೀಸಿನ ಐರೀನ್ ಸ್ಕ್ಲಿವಾ ಗೆದ್ದರು.

ಬೆಂಗಳೂರಿನ ಲೆಕ್ಕಕ್ಕೆ ಇನ್ನೊಂದನ್ನು ಸೇರಿಸಿಕೊಳ್ಳಿ, ಇದು ಯಾರ ಪಟ್ಟಿಯಲ್ಲೂ ಇರುವುದಿಲ್ಲ. ದೆಹಲಿಯಲ್ಲಿ ಗೌಡರು ಪ್ರಮಾಣವಚನ ತೆಗೆದುಕೊಂಡ ಜೂನ್ 1ರಂದೇ ಮಾಜಿ ರಾಷ್ಟ್ರಪತಿ ನೀಲಂ ಸಂಜೀವ ರೆಡ್ಡಿ ಈ ಊರಿನಲ್ಲಿ ತೀರಿಕೊಂಡರು. 1979ರಲ್ಲಿ ಮೊರಾರ್ಜಿ ಸರ್ಕಾರ ಬಿದ್ದಾಗ, ಬಹುಮತ ಯಾರ ಕಡೆ ಅಂತ ತಲೆ ಕೆಡಿಸಿಕೊಂಡು ಚರಣ್ ಸಿಂಗ್ ಅವರನ್ನು ಕರೆದ ರಾಷ್ಟ್ರಪತಿ ಇವರೇ. ಅವರ ಸಮಾಧಿ ಕಲ್ಪಳ್ಳಿಯಲ್ಲಿದೆ.